ಜಗಲಿಯ ಮೇಲೆ ರೇಡಿಯೊ, ಒಳಗೊಂದು ಹೂಂ

ಹುಳು ಮನೆಯಲ್ಲಿರುವಷ್ಟು ದಿನ ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ಶಿಡ್ಲಘಟ್ಟದ ಸೀಮೆಯಲ್ಲಿ ರೇಷ್ಮೆ ಸಾಕುವ ಮನೆಗಳ ಈ ಕಟ್ಟಳೆಯನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬೀಗರೇ ಬಂದರೂ ಜಗಲಿಯ ಮೇಲೆ ಚಾಪೆ, ಅಲ್ಲೇ ನೀರು, ಅಲ್ಲೇ ಊಟ. ಕಾಲಿನ ಧೂಳು, ತಲೆಗೆ ಹಚ್ಚಿದ ಎಣ್ಣೆಯ ವಾಸನೆ, ಬಂದವರ ಕಣ್ಣು, ಇವು ಮೂರೂ ಹುಳುವಿಗೆ ಆಗುವುದಿಲ್ಲವೆಂದು ಅವರ ನಂಬಿಕೆ. ರೇಷ್ಮೆ ಇಲಾಖೆಯವರು ಮೊದಲಿನ ಎರಡಕ್ಕೆ ತಲೆಯಾಡಿಸುತ್ತಾರೆ, ಮೂರನೆಯದಕ್ಕೆ ನಗುತ್ತಾರೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬ್ಲಾಕ್ ಆಫೀಸಿನಲ್ಲಿ ಮುಖ್ಯಸೇವಿಕೆ. ಹಳ್ಳಿಯ ಹೆಂಗಸರ ಕಲಿಕೆ ನನ್ನ ಪಾಲಿಗೆ ಬಂದ ಕೆಲಸ. ಆ ವರ್ಷ ಬೆಂಗಳೂರಿನ ಬಾನುಲಿ ಕೇಂದ್ರದಿಂದ ಒಂದು ಹೊಸ ಏರ್ಪಾಡು ಬಂತು: ರೇಷ್ಮೆ ಸಾಕಣೆಯನ್ನು ಪಾಠವಾಗಿ ಹೇಳುವುದು. ವಾರಕ್ಕೆರಡು ಸಂಜೆ, ಮೊಟ್ಟೆ ಒಡೆಯುವುದರಿಂದ ಗೂಡು ಬಿಡಿಸುವ ತನಕ. ಪಾಠಕ್ಕೆ ಸೇರಿದ ಊರುಗಳೆಲ್ಲ ಒಂದೇ ವಾರ ಮೊಟ್ಟೆ ತರಬೇಕು, ಹಾಗಾದರೆ ರೇಡಿಯೊದಲ್ಲಿ ಎರಡನೇ ಜ್ವರದ ಪಾಠ ಬರುವಾಗ ಮನೆಯಲ್ಲೂ ಹುಳು ಎರಡನೇ ಜ್ವರಕ್ಕೆ ಕೂತಿರುತ್ತದೆ ಎಂಬ ಎಣಿಕೆ. ಜ್ವರವೆಂದರೆ ಕಾಯಿಲೆಯಲ್ಲ. ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂತು ಹಳೆಯ ಚರ್ಮ ಕಳಚುವ ನಿದ್ದೆ. ಒಂದು ಬೆಳೆಗೆ ಇಂಥವು ನಾಲ್ಕು.

ನನಗೆ ಈ ಏರ್ಪಾಡು ಬಹಳ ಹಿಡಿಸಿತು. ಮೇಷ್ಟ್ರು ಬೆಂಗಳೂರಿನಲ್ಲಿ, ಮಕ್ಕಳು ದಿಬ್ಬೂರಹಳ್ಳಿಯ ಆಚೆ, ಪಾಠ ಮಾತ್ರ ಹುಳುವಿನ ಜೊತೆ ಜೊತೆಗೇ ಬೆಳೆಯುತ್ತದೆ. ಇದು ನಡೆಯುವುದಾದರೂ ಹೇಗೆ ಎಂದು ನೋಡುವ ಆಸೆ.

ನನಗೆ ವಹಿಸಿದ ಊರಿನಲ್ಲಿ ಪಂಚಾಯ್ತಿ ರೇಡಿಯೊ ಚಾವಡಿಯಲ್ಲಿತ್ತು. ಹಸಿರು ಬಣ್ಣದ ತಗಡಿನ ಪೆಟ್ಟಿಗೆ, ಒಳಗೆ ಇಟ್ಟಿಗೆಯಷ್ಟು ದಪ್ಪದ ಬ್ಯಾಟರಿ. ಎರಡು ಬಿದಿರು ಗಳುಗಳ ನಡುವೆ ಬಟ್ಟೆ ಒಣಗಿಸುವ ತಂತಿಯಂತೆ ಎಳೆದ ಏರಿಯಲ್. ಇನ್ನೊಂದು ತಂತಿ ಗೋಡೆ ಇಳಿದು ನೆಲಕ್ಕೆ ಹೋಗುತ್ತಿತ್ತು. ಅಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ತಾಮ್ರದ ಸರಳು ಹೂತು, ದಿನಾ ಒಂದು ಚೊಂಬು ನೀರು ಹಾಕಬೇಕು. ನೆಲ ಒಣಗಿದರೆ ದನಿ ಗೊರಗೊರ ಅನ್ನುತ್ತದೆ. ಗುಂಡಿಗೆ ನೀರು ಹಾಕುವುದು ಗ್ರಾಮಸೇವಕರ ಕೆಲಸ. ಅವರು ಮರೆತ ದಿನ ಗಂಟಲು ಕೆಟ್ಟವರು ಮಾತಾಡಿದ ಹಾಗೆ ಕೇಳುತ್ತಿತ್ತು.

ಮೊದಲ ಸಂಜೆ ಚಾವಡಿ ತುಂಬಿತ್ತು, ಎಲ್ಲ ಗಂಡಸರೇ. ಆಗಷ್ಟೇ ಮೊಟ್ಟೆಯೊಡೆದು ಬಂದ ಚಾಕಿ ಹುಳುವಿಗೆ ಸೊಪ್ಪನ್ನು ಎಷ್ಟು ಸಣ್ಣಗೆ ಹೆಚ್ಚಬೇಕೆಂದು ರೇಡಿಯೊ ಹೇಳಿತು. ಅವರು ಬೀಡಿ ಸೇದುತ್ತ ಕೇಳಿದರು, ಪಾಠ ಮುಗಿದ ಮೇಲೆ ಬರುವ ಹಾಡಿಗೆ ಕಾದರು, ಎದ್ದು ಹೋದರು. ಸೊಪ್ಪು ಹೆಚ್ಚುವುದೂ ಹಾಕುವುದೂ ಹೆಂಗಸರು. ಅವರು ಆ ಹೊತ್ತಿನಲ್ಲಿ ಮನೆಯೊಳಗೆ ಸಂಜೆಯ ಸೊಪ್ಪು ಹಾಕುತ್ತಿದ್ದರು.

ಮಾರನೆಯ ದಿನ ಬಾವಿಯ ಹತ್ತಿರ ಒಬ್ಬ ಸೊಸೆ ನನ್ನನ್ನು ತಡೆದಳು. ನಾಲ್ಕನೇ ಕ್ಲಾಸಿನ ತನಕ ಓದಿದವಳು, ಮಾತಿನಲ್ಲಿ ಚುರುಕು. ಹುಳು ಸಾಕುವುದರಲ್ಲಿ ಊರಿಗೇ ಹೆಸರಾದ ಮನೆಗೆ ಬಂದವಳು.

“ಅಕ್ಕಾ, ಆ ಪಾಠ ಯಾರಿಗೆ? ಗಂಡಸರಿಗಾ, ಹುಳಕ್ಕಾ?” ಎಂದಳು.

ಇಬ್ಬರಿಗೂ ತಲುಪುತ್ತಿಲ್ಲ ಎಂದೆ.

“ಹಂಗಾದ್ರೆ ಪೆಟ್ಟಿಗೇನ ನಮ್ಮ ಜಗಲಿಗೆ ತನ್ನಿ. ಅತ್ತೇನ ನಾನು ಕೇಳ್ತೀನಿ.”

ಕೇಳಿದಳು. ಅತ್ತೆಗೆ ಅರವತ್ತು ದಾಟಿರಬೇಕು. ಬಾಯಿ ತುಂಬ ಎಲೆಯಡಿಕೆ. ಮನೆಯವರ ಜೊತೆ ತೆಲುಗು, ನಮ್ಮಂಥವರ ಜೊತೆ ಕನ್ನಡ, ಹುಳುವಿನ ಜೊತೆ ಎರಡೂ. ಹೊಸ್ತಿಲ ಒಳಗೆ ನಿಂತು ನನ್ನ ಮಾತು ಪೂರ್ತಿ ಕೇಳಿ, ಸೊಸೆಯ ಕಡೆ ತಿರುಗಿ ತೀರ್ಪು ಕೊಟ್ಟರು.

“ದನಿಗೆ ಕಾಲಿಲ್ಲ, ಧೂಳು ತರಲ್ಲ. ಪೆಟ್ಟಿಗೆ ಜಗಲಿ ಮೇಲಿರ್ಲಿ. ಈ ಒಂದು ಬೆಳೆ ಅದು ಹೇಳ್ದಂಗೇ ಮಾಡಣ. ಗೂಡು ಸರಿಯಾಗಿ ಕಟ್ಟಲಿಲ್ಲ ಅಂದ್ರೆ ಅದು ಚಾವಡಿಗೆ ವಾಪಸ್ ಹೋಗ್ತದೆ. ಆಮೇಲೆ ನೀನು ಅದರ ಮಾತೆತ್ತಕೂಡದು.”

“ಸೇವಿಕಮ್ಮನವರು?” ಎಂದಳು ಸೊಸೆ.

“ಅವ್ರಿಗೆ ಕಾಲಿವೆಯಲ್ಲ.”

ಹೀಗೆ ನಾನೂ ರೇಡಿಯೊವೂ ಜಗಲಿಯ ಮೇಲೆ ಉಳಿದೆವು. ಚಾವಡಿಯ ಗಂಡಸರು ಒಂದೆರಡು ದಿನ ಗೊಣಗಿದರು. ಹಾಡು ಬೇಕಾದವರು ಬೀದಿಯಲ್ಲಿ ನಿಂತು ಕೇಳಬಹುದೆಂದು ಗ್ರಾಮಸೇವಕರು ಅವರನ್ನು ಒಪ್ಪಿಸಿ, ತಾವೇ ಬಿದಿರು ಗಳು ಕಿತ್ತು ತಂದು ನೆಟ್ಟರು, ಮನೆಯ ಪಕ್ಕದಲ್ಲಿ ಹೊಸ ಗುಂಡಿ ತೋಡಿದರು.

ಜಗಲಿಯ ಕೆಳಗೆ ಅಂಗಳದಲ್ಲಿ ಇನ್ನೊಬ್ಬಾಕೆ ಕೂರುತ್ತಿದ್ದಳು. ಊರ ಹೊರಗಿನ ಕೇರಿಯಿಂದ ಬಂದು ತೋಟದಲ್ಲಿ ಸೊಪ್ಪು ಕೊಯ್ದು ಹೊರೆ ತರುವವಳು. ಹೊರೆ ಇಳಿಸಿದ ಮೇಲೆ ಹೊರಟುಬಿಡಬೇಕಾದವಳು ಪಾಠದ ದಿನ ನಿಂತಳು, ಆಮೇಲೆ ಕೂತಳು. ಜಗಲಿ ಹತ್ತಿ ಬನ್ನಿ ಎಂದೆ. “ಇಲ್ಲೇ ಚೆನ್ನಾಗಿ ಕೇಳ್ತದೆ ಬಿಡಿ” ಎಂದಳು. ಆ ಬಾಗಿಲು ನನಗೆ ಹುಳು ಇರುವ ತನಕ ಮುಚ್ಚಿತ್ತು. ಅವಳಿಗೆ ಹುಳು ಇರಲಿ ಬಿಡಲಿ ಮುಚ್ಚಿಯೇ ಇತ್ತು.

ನನ್ನ ಸಂಜೆಗಳಿಗೆ ಒಂದು ಕ್ರಮ ಬಂತು. ಶಿಡ್ಲಘಟ್ಟದಿಂದ ಬಸ್ಸು, ಇಳಿದು ಕೆರೆಯ ಏರಿಯ ಮೇಲೆ ನಡಿಗೆ, ಚೀಲದಲ್ಲಿ ಬ್ಯಾಟರಿ ದೀಪ, ಕೊಡೆ, ಹುರಿದ ಕಡಲೆಕಾಯಿ. ಗುಂಡಿಗೆ ನೀರು ಹಾಕಿ ಪೆಟ್ಟಿಗೆಯ ಬೀಗ ತೆಗೆಯುವುದು. ಒಳಗೆ ಸೊಪ್ಪು ತಿನ್ನುವ ಹುಳುಗಳ ಸದ್ದು ಬಾಗಿಲ ಸಂದಿನಿಂದ ಬರುತ್ತಿತ್ತು, ಸಣ್ಣ ಮಳೆ ಒಣ ಎಲೆಯ ಮೇಲೆ ಬಿದ್ದ ಹಾಗೆ. ಆಮೇಲೆ ರೇಡಿಯೊದ ಗಂಡುದನಿ.

ಮತ್ತೆ ಇನ್ನೊಂದು ಸದ್ದು. ರೇಡಿಯೊದವರು ಒಂದು ಮಾತು ಮುಗಿಸಿದ ಕೂಡಲೇ ಒಳಗಿನಿಂದ ಅತ್ತೆ “ಹೂಂ” ಎನ್ನುತ್ತಿದ್ದರು.

ಆ ಕಡೆ ಕಥೆ ಹೇಳುವುದಕ್ಕೆ ಒಬ್ಬರಿದ್ದರೆ ಸಾಲದು, ಹೂಂಗುಟ್ಟುವುದಕ್ಕೊಬ್ಬರು ಬೇಕು. ಹೂಂ ಇಲ್ಲದೆ ಕಥೆ ಮುಂದೆ ಹೋಗುವುದಿಲ್ಲ. ಕನ್ನಡದಲ್ಲಿ ಹೂಂ, ತೆಲುಗಿನಲ್ಲಿ ಊ, ಕೆಲಸ ಒಂದೇ. ಅತ್ತೆ ರೇಡಿಯೊಗೂ ಅದೇ ಮರ್ಯಾದೆ ತೋರಿಸುತ್ತಿದ್ದರು. ತೊಂದರೆಯೆಂದರೆ ರೇಡಿಯೊ ಹೂಂಗೆ ಕಾಯುತ್ತಿರಲಿಲ್ಲ. ಇವರು ಹೂಂ ಅನ್ನುವಷ್ಟರಲ್ಲಿ ಅದು ಎರಡು ಮಾತು ಮುಂದೆ ಹೋಗಿರುತ್ತಿತ್ತು. ಇವರು ಹಿಂದೆ ಬಿದ್ದು, ಮತ್ತೆ ಓಡಿ ಹಿಡಿದು, ಮತ್ತೆ ಹಿಂದೆ ಬೀಳುವುದು ನನಗೆ ಹೊರಗೆ ಕೂತೇ ತಿಳಿಯುತ್ತಿತ್ತು. ಅಂಗಳದ ಸೊಪ್ಪಿನಾಕೆ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ಎರಡನೇ ಜ್ವರದ ಪಾಠದ ಸಂಜೆ. ರೇಷ್ಮೆ ತಜ್ಞರು ಓದುತ್ತಿದ್ದರು. ಹುಳು ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸಿ ಎಂದರು. ಹೂಂ. ಹುಳು ಸಾಕುವ ತಟ್ಟೆಗೆ ಗಾಳಿ ಆಡಲಿ ಎಂದರು. ಹೂಂ. ಮೊದಲು ಎದ್ದ ಹುಳುಗಳಿಗೆ ಸೊಪ್ಪು ಹಾಕಕೂಡದು, ಹೆಚ್ಚುಕಡಿಮೆ ಎಲ್ಲ ಹುಳುಗಳೂ ಏಳುವವರೆಗೆ ಕಾಯತಕ್ಕದ್ದು ಎಂದರು.

ಹೂಂ ಬರಲಿಲ್ಲ. ಪಾಠ ಮುಗಿಯುವ ತನಕ ಮತ್ತೆ ಬರಲೇ ಇಲ್ಲ.

“ನಿದ್ದೆ ಬಂತೇನೋ ಪಾಪ” ಎಂದೆ.

ಸೊಪ್ಪಿನಾಕೆ ಹೊರೆಯ ಹಗ್ಗ ಸುತ್ತುತ್ತ, “ಮಲಗಿಲ್ಲಮ್ಮ. ಒಪ್ಪಿಲ್ಲ” ಎಂದಳು.

ಪ್ರತಿ ಪಾಠದ ಮೇಲೂ ಬಾನುಲಿ ಕೇಂದ್ರಕ್ಕೆ ಒಂದು ವರದಿ ಬರೆಯಬೇಕಿತ್ತು. ಪಾಠ ಅರ್ಥವಾಯಿತೇ, ಉಪಯೋಗವಾಯಿತೇ, ಪ್ರಶ್ನೆಗಳಿವೆಯೇ. ನಾನು ಬಾಗಿಲ ಹೊರಗಿನಿಂದ ಕೇಳಿದೆ. ಒಳಗಿನಿಂದ ಅತ್ತೆ, “ಬಲೇ ಚೆನ್ನಾಗಿ ಹೇಳಿದ್ರು ಕಣ್ರಮ್ಮ, ಏನೂ ಪ್ರಶ್ನೆ ಇಲ್ಲ” ಎಂದರು. ಮನೆ ಬಾಗಿಲಿಗೆ ಬಂದು ಮಾತಾಡಿದವರಿಗೆ ಯಾರು ತಾನೆ ಚೆನ್ನಾಗಿರಲಿಲ್ಲ ಎನ್ನುತ್ತಾರೆ? ಗೌರಿಬಿದನೂರಿನ ಕಡೆಯ ಊರೊಂದರಲ್ಲಿ ಇದೇ ಕೆಲಸ ಮಾಡುತ್ತಿದ್ದ ನನ್ನ ಗೆಳತಿಯನ್ನು ವಿಚಾರಿಸಿದೆ. ಅವಳ ವರದಿಗಳಲ್ಲೂ ಎಲ್ಲ ಹೌದು, ಹೌದು, ಹೌದು. ಮಂಡಿಕಲ್ಲಿನ ಕಡೆಯ ಸೇವಿಕೆಯದೂ ಅದೇ. ಬೆಂಗಳೂರಿನಲ್ಲಿ ಕೂತವರಿಗೆ ನಮ್ಮ ಸೀಮೆಯೆಲ್ಲ ಪಾಠ ಅರೆದು ಕುಡಿದಂತೆ ಕಂಡಿರಬೇಕು.

ಒಳಗೆ ನಡೆದದ್ದು ಬೇರೆ. ಸೊಸೆ ಮಾರನೆಯ ಬೆಳಿಗ್ಗೆ ಕಿಟಕಿಯ ಸರಳಿನ ಆಚೆಯಿಂದ ಹೇಳಿದಳು. ಅತ್ತೆ ಬೆಳಕು ಹರಿಯುವ ಮೊದಲೇ ಎದ್ದು, ಜ್ವರ ಎದ್ದ ಹುಳುಗಳಿಗೆ ಎಳೆ ಸೊಪ್ಪು ಉದುರಿಸಿದ್ದರು. ಮಿಕ್ಕವು ಇನ್ನೂ ಮಲಗಿದ್ದವು. ರೇಡಿಯೊ ಬೇಡ ಅಂದಿತ್ತಲ್ಲ ಎಂದು ಸೊಸೆ ಕೇಳಿದ್ದಕ್ಕೆ ಅತ್ತೆ ಅಂದರಂತೆ:

“ಎದ್ದ ಮಗೂಗೆ ಹಸಿವಾಗಲ್ವೇನೇ? ಮಲಗಿರೋರು ಏಳ್ಲಿ ಅಂತ ಎದ್ದೋರನ್ನ ಉಪವಾಸ ಕೆಡವೋ ಮನೆ ಇದಲ್ಲ.”

“ನಾನೇನು ಹೇಳ್ಲಿ ಅಕ್ಕಾ?” ಎಂದಳು ಸೊಸೆ. “ರೇಡಿಯೊ ಮಾಡು ಅಂತು, ಯಾಕೆ ಅನ್ನಲಿಲ್ಲ. ಹುಳ ಆಗ್ಲೇ ದೊಡ್ಡದು ಚಿಕ್ಕದು ಆಗ್ತಾ ಅವೆ. ನಾಲ್ಕನೇ ಜ್ವರಕ್ಕೂ ಹಿಂಗೇ ಆದ್ರೆ ಚಂದ್ರಿಕೆ ಮೇಲೆ ಹತ್ತೋವಾಗ ಗೊತ್ತಾಗ್ತದೆ. ಆಗ ಪೆಟ್ಟಿಗೆ ಚಾವಡಿಗೆ, ನಾನು ಒಲೆ ಮುಂದಕ್ಕೆ.”

ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಸುರುಳಿ ಚಾಪೆಗೆ ಚಂದ್ರಿಕೆ ಎನ್ನುತ್ತಾರೆ. ಎಲ್ಲ ಹುಳುವೂ ಒಟ್ಟಿಗೆ ಹಣ್ಣಾಗಿ ಹತ್ತಿದರೆ ಬೆಳೆ ಗೆದ್ದಂತೆ. ಕೆಲವು ಹತ್ತುವಾಗ ಕೆಲವು ಇನ್ನೂ ಸೊಪ್ಪು ತಿನ್ನುತ್ತಿದ್ದರೆ ಗೋಳು.

ನಾನು ಮೊದಲು ನಿಯಮದ ಹಾದಿ ಹಿಡಿದೆ. ವರದಿಯಲ್ಲಿ ‘ಪ್ರಶ್ನೆ’ ಎಂಬ ಕಡೆ ಬರೆದೆ: ಎಲ್ಲ ಹುಳು ಏಳುವವರೆಗೆ ಏಕೆ ಕಾಯಬೇಕು? ಬ್ಲಾಕ್ ಆಫೀಸಿಗೆ ಕೊಟ್ಟೆ. ಅದು ಅಲ್ಲಿಂದ ಮೇಲಿನ ಆಫೀಸಿಗೆ ಹೋಗಿ, ಆಮೇಲೆ ಬೆಂಗಳೂರಿಗೆ ಹೋಗಬೇಕು. ಗುಮಾಸ್ತರು ಮುಂದಿನ ವಾರದ ಟಪಾಲಿನಲ್ಲಿ ಕಳಿಸುತ್ತೇವೆ ಎಂದರು. ಮುಂದಿನ ವಾರದ ಹೊತ್ತಿಗೆ ಮೂರನೇ ಜ್ವರ ಮುಗಿದಿರುತ್ತದೆ. ಉತ್ತರ ಬರುವುದರೊಳಗೆ ಗೂಡು ಕಟ್ಟಿ, ಬಿಚ್ಚಿ, ಸೀರೆಯೂ ಆಗಿರುತ್ತದೆ ಎಂದೆ. ಅವರಿಗೆ ನಗು ಬಂತು, ಟಪಾಲು ಮಾತ್ರ ಹೊರಡಲಿಲ್ಲ.

ಮೂರನೇ ಜ್ವರಕ್ಕೂ ಅತ್ತೆ ಎದ್ದವುಗಳಿಗೆ ಬಡಿಸಿದರು. ಆ ಸಂಜೆಯೂ ಹೂಂ ಅದೇ ಜಾಗದಲ್ಲಿ ನಿಂತಿತು. ನಾನು ಅಂದು ಬಸ್ಸಿನಲ್ಲಿ ವಾಪಸಾಗುತ್ತ ಯೋಚಿಸಿದೆ. ಕೇಂದ್ರದವರು ಕೇಳುವ ಪ್ರಶ್ನೆಗಳಿಗೆಲ್ಲ ಹೌದು ಎಂದೇ ಉತ್ತರ ಸಿಗುತ್ತದೆ. ನಿಜವಾದ ಉತ್ತರ ಬಾಗಿಲ ಸಂದಿನಿಂದ ಬರುತ್ತಿದೆ, ಅದೂ ಬಾರದೆ ಇರುವುದರ ಮೂಲಕ. ಇದನ್ನು ಯಾವ ಕಾಗದದಲ್ಲಿ ತುಂಬಿ ಕಳಿಸಲಿ? ನಾನೇ ಹೋಗುವುದು ಸರಿ ಅನ್ನಿಸಿತು. ಮೇಲಿನವರನ್ನು ದಾಟಿ ಹೋದಂತಾಗುತ್ತದೆ ಎಂಬ ಅಳುಕಿತ್ತು. ಒಂದು ದಿನ ರಜೆ ಹಾಕಿದೆ. ಸ್ವಂತ ಕೆಲಸ ಎಂದು ಬರೆದೆ. ಬರೆದ ಮೇಲೆ ನೋಡಿದರೆ ಸುಳ್ಳೂ ಅನ್ನಿಸಲಿಲ್ಲ.

ಬೆಳಿಗ್ಗೆ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಬೆಂಗಳೂರು ತಲುಪಿದೆ. ಡಬ್ಬಿಯಲ್ಲಿ ಅವರೆಕಾಳು ಉಪ್ಪಿಟ್ಟಿತ್ತು. ಕೇಂದ್ರದ ಬಾಗಿಲಿನವನು ಅದನ್ನೂ ತೆರೆಸಿ ನೋಡಿದ. ಗ್ರಾಮಸ್ಥರ ಕಾರ್ಯಕ್ರಮ ನಡೆಸುವವರು ನಾನೆಣಿಸಿದ್ದಕ್ಕಿಂತ ಚಿಕ್ಕ ವಯಸ್ಸಿನವರು. ದನಿ ಕೇಳಿ ದಪ್ಪ ಮೀಸೆಯವರೆಂದುಕೊಂಡಿದ್ದೆ. ಮೇಜಿನ ಮೇಲೆ ವರದಿಗಳ ರಾಶಿ ತೋರಿಸಿ, ಎಲ್ಲ ಊರಿನವರೂ ಬಹಳ ಮೆಚ್ಚಿದ್ದಾರೆ ಎಂದರು. ನಾನು ಮೆಚ್ಚುಗೆಯ ಮಾತು ಬಿಟ್ಟು ಹೂಂ ವಿಷಯ ಹೇಳಿದೆ. ಎಲ್ಲಿ ಬರುತ್ತದೆ, ಎಲ್ಲಿ ಹಿಂದೆ ಬೀಳುತ್ತದೆ, ಎಲ್ಲಿ ನಿಂತೇಹೋಯಿತು.

ಅವರು ಮೊದಲು ನಕ್ಕರು. ಆಮೇಲೆ ಪೆನ್ನು ಕೆಳಗಿಟ್ಟರು. ರೇಷ್ಮೆ ತಜ್ಞರೂ ಮುಂದಿನ ಪಾಠಕ್ಕೆಂದು ಅಲ್ಲೇ ಬಂದಿದ್ದರು. ಇಬ್ಬರೂ ನನ್ನನ್ನು ಪಾಠ ಓದುವ ಕೋಣೆಗೆ ಕರೆದುಕೊಂಡು ಹೋದರು. ಗೋಡೆಗೆಲ್ಲ ದಿಂಬಿನ ಹಾಗೆ ಮೆತ್ತನೆಯ ಹೊದಿಕೆ. ಅಲ್ಲಿ ನಮ್ಮ ಉಸಿರು ನಮಗೇ ಕೇಳುತ್ತದೆ. ತಜ್ಞರು ಹಾಳೆ ಹಿಡಿದು ಓದುವುದು, ನಾನು ಆ ಮನೆಯ ಅತ್ತೆಯ ಹಾಗೆ ಹೂಂ ಅನ್ನುವುದು ಎಂದು ಗೊತ್ತಾಯಿತು. ಅಧಿಕಾರಿಗಳ ಮುಖಕ್ಕೆ ಹೂಂ ಎನ್ನಲು ನನಗೆ ಸಂಕೋಚ. ಗೋಡೆಯ ಕಡೆ ತಿರುಗಿ ಕೂತೆ. ಅವರು ಓದಿದರು. ಹೂಂ ಅನ್ನಲು ಹೋದೆ, ಜಾಗ ಸಿಗಲಿಲ್ಲ. ಮತ್ತೆ ಹೋದೆ, ಅಷ್ಟರಲ್ಲಿ ಮಾತು ಮುಂದೆ ಹೋಗಿತ್ತು. ಹಾಳೆ ಮುಗಿಯುವಷ್ಟರಲ್ಲಿ ನನ್ನ ಹೂಂಗಳೆಲ್ಲ ಗಂಟಲಲ್ಲೇ ಇದ್ದವು.

“ಅಂದ್ರೆ ನಾವು ಬಾಗಿಲು ಹಾಕಿಕೊಂಡೇ ಮಾತಾಡ್ತಾ ಇದೀವಿ” ಎಂದರು ಕಾರ್ಯಕ್ರಮದವರು.

ಒಂದೊಂದು ಮಾತಿನ ಮೇಲೂ ಉಸಿರಿನಷ್ಟು ಹೊತ್ತು ನಿಲ್ಲಿಸುವುದೆಂದು ಅವರ ಆಲೋಚನೆ. ಯಂತ್ರದ ಕೋಣೆಯ ಇಂಜಿನಿಯರು ಒಪ್ಪಲಿಲ್ಲ. ರೇಡಿಯೊದಲ್ಲಿ ಸದ್ದು ನಿಂತರೆ ಕೇಂದ್ರ ಕೆಟ್ಟಿತೆಂದು ಜನ ಗುಂಡಿ ತಿರುಗಿಸುತ್ತಾರೆ, ಮೇಲಿನವರು ಫೋನು ಮಾಡುತ್ತಾರೆ ಎಂದರು. ಅವರ ಮಾತೂ ತಪ್ಪಲ್ಲ. ಬಹಳ ಹೊತ್ತು ಚರ್ಚೆಯಾಯಿತು. ಕೊನೆಗೆ ಕಾರ್ಯಕ್ರಮದವರೇ ನಡುವೆ ಕೂತು ಮನೆಯವರ ಪರವಾಗಿ ಪ್ರಶ್ನೆ ಕೇಳುವುದು, ಉತ್ತರ ಬಂದ ಮೇಲೆ ಒಂದೇ ಒಂದು ಉಸಿರು ನಿಲ್ಲುವುದು ಎಂದು ತೀರ್ಮಾನವಾಯಿತು. ಇಂಜಿನಿಯರು ಕೈಗಡಿಯಾರ ನೋಡಿಕೊಂಡು, ಒಂದು ಉಸಿರೆಂದರೆ ಯಾರ ಉಸಿರು, ನನ್ನದಾ ಅಜ್ಜಿಯದಾ ಎಂದು ಕೇಳಿದರು.

ಇನ್ನು ಉಳಿದದ್ದು ಆ ಹಸಿವಿನ ಪ್ರಶ್ನೆ. ತಜ್ಞರು ಕಾರಣ ವಿವರಿಸಿದರು. ಜ್ವರ ಎದ್ದ ಹುಳುವಿನ ಬಾಯಿ ಇನ್ನೂ ಎಳಸು, ಗಟ್ಟಿಯಾಗಲು ಹೊತ್ತು ಬೇಕು, ಆ ಹಸಿವು ಅದನ್ನು ಕೆಡಿಸುವುದಿಲ್ಲ. ಮೊದಲು ತಿಂದವು ಮುಂದೆ ಹೋಗುತ್ತವೆ, ಕೊನೆಯಲ್ಲಿ ಎದ್ದವು ಯಾವತ್ತೂ ಅವನ್ನು ಹಿಡಿಯುವುದಿಲ್ಲ, ಹಳಸಿದ ಸೊಪ್ಪಿನ ಕೆಳಗೆ ಬಿದ್ದು ರೋಗ ಹಿಡಿಯುತ್ತವೆ. ನನಗೆ ತಿಳಿಯಿತು. ಅತ್ತೆಗೆ ಇದನ್ನು ಹೀಗೇ ಹೇಳಿದರೆ ಹೂಂ ಬಂದೀತೇ ಎಂದು ಯೋಚಿಸಿದೆ.

“ನಿಮ್ಮ ಕಡೆ ಹಸಿದವರೂ ಕಾದು ಕೂರೋ ಊಟ ಯಾವುದಾದ್ರೂ ಇದೆಯಾ?” ಎಂದರು ಕಾರ್ಯಕ್ರಮದವರು.

ಮದುವೆಯ ಪಂಕ್ತಿ ಇದೆಯಲ್ಲ ಎಂದೆ. ಅವರು ಹಾಳೆಯ ಮೇಲೆ ಗೀಚಿಕೊಂಡರು. ಉಪ್ಪಿಟ್ಟನ್ನು ಮೂವರೂ ಹಂಚಿಕೊಂಡು ತಿಂದೆವು.

ನಾಲ್ಕನೇ ಜ್ವರದ ಸಂಜೆ. ನಾನು ಬೇಗನೆ ಬಂದೆ. ಜಗಲಿಯ ಪಕ್ಕಕ್ಕೆ ಹೋಗಿ ನೋಡಿದರೆ ಗುಂಡಿಯ ಬಾಯಲ್ಲಿ ಒಂದು ಎಮ್ಮೆಕರು ನಿಂತು ಉಪ್ಪು ನೆಕ್ಕುತ್ತಿತ್ತು. ಅದು ಕಾಲಿನಿಂದ ಕೆದರಿ, ಮಣ್ಣು ಇದ್ದಿಲು ಹೊರಹಾಕಿ, ತಂತಿಯನ್ನು ಕಿತ್ತುಹಾಕಿತ್ತು. ತಾಮ್ರದ ಸರಳು ಬಾಗಿ ಗುಂಡಿಯಿಂದಾಚೆ ಬಿದ್ದಿತ್ತು. ರೇಡಿಯೊ ಹಾಕಿದೆ. ಗೊರ್ರೆಂಬ ಸದ್ದಿನೊಳಗೆ ದನಿ ಮುಳುಗೇಳುತ್ತಿತ್ತು, ಒಂದಕ್ಷರವೂ ನೆಟ್ಟಗೆ ಕೇಳಲಿಲ್ಲ. ಗ್ರಾಮಸೇವಕರು ಅಂದು ಚಿಂತಾಮಣಿಗೆ ಹೋಗಿದ್ದರು.

ಸೊಪ್ಪಿನಾಕೆ ಕರುವಿನ ಬೆನ್ನಿಗೆ ಒಂದು ಕೊಟ್ಟು ಓಡಿಸಿ, “ಪಾಠ ಕೇಳಿದ್ದು ಸಾಲ್ದು ಅಂತ ತಿನ್ನೋಕೇ ಬಂದಿದೆ” ಎಂದಳು. ಆ ತಂತಿಗೆ ಏನು ಬೇಕು ಎಂದು ಕೇಳಿದಳು. ಒದ್ದೆ ನೆಲದಲ್ಲಿ ಆಳವಾಗಿ ಇಳಿದ ಕಬ್ಬಿಣ ಎಂದೆ. ಒಳಗಿನಿಂದ ಸೊಸೆ ಕೇಳಿಸಿಕೊಂಡಳು. ಹಿತ್ತಿಲ ಬಾಗಿಲಿಂದ ಹಾರೆ ಹೊರಗೆ ಬಂತು. ಬಚ್ಚಲ ನೀರು ಹರಿದು ನಿಲ್ಲುವ ಜಾಗದಲ್ಲಿ ಸೊಪ್ಪಿನಾಕೆ ಅದನ್ನು ಗುಂಡುಕಲ್ಲಿನಿಂದ ಹೊಡೆದು ಇಳಿಸಿದಳು. ನಾನು ತಂತಿಯ ತುದಿಯನ್ನು ಚಾಕುವಿನಿಂದ ಹೆರೆದು ಹಾರೆಗೆ ಬಿಗಿಯಾಗಿ ಸುತ್ತಿದೆ. ಸೊಸೆ ಗೋಡೆಯ ಆಚೆಯಿಂದ ಕೊಡ ಕೊಡ ನೀರು ಚೆಲ್ಲಿದಳು. ಗೊರಗೊರ ಸಣ್ಣದಾಗುತ್ತ ಹೋಗಿ ದನಿ ಮೇಲೆ ಬಂತು. ಅಷ್ಟರಲ್ಲಿ ರೈತರಿಗೆ ಪೇಟೆ ಧಾರಣೆ ಹೇಳಿ ಮುಗಿದಿತ್ತು. ಕೈ ಒರೆಸಿಕೊಂಡು ಜಗಲಿಗೆ ಓಡಿದೆ.

ಪಾಠ ಶುರುವಾಯಿತು. ಈ ಸಲ ಎರಡು ದನಿಗಳು. ಹುಳು ಜ್ವರಕ್ಕೆ ಕೂತಾಗ ಏನು ಮಾಡಬೇಕೆಂದು ಒಂದು ದನಿ ಕೇಳಿತು, ಇನ್ನೊಂದು ಹೇಳಿತು, ಆಮೇಲೆ ಒಂದು ಉಸಿರು ನಿಂತಿತು. ಒಳಗೆ ಅತ್ತೆ ತಬ್ಬಿಬ್ಬಾದಂತೆ ಕಂಡಿತು. ಮೊದಲ ಸಲ ಜಾಗ ಖಾಲಿ ಹೋಯಿತು. ಎರಡನೆಯ ಸಲ ಸರಿಯಾಗಿ ಅದೇ ಜಾಗಕ್ಕೆ “ಹೂಂ” ಬಂದು ಕೂತಿತು. ಅಂಗಳದಲ್ಲಿ ಸೊಪ್ಪಿನಾಕೆಯೂ ಸಣ್ಣಗೆ ಹೂಂ ಅಂದಳು.

ಆಮೇಲೆ ಆ ಮಾತು ಬಂತು.

“ಎದ್ದ ಹುಳಕ್ಕೆ ಹಸಿವಾಗಲ್ವೇ ಸ್ವಾಮಿ, ಅಂತ ನಮ್ಮ ಒಬ್ಬ ಅಜ್ಜಿ ಕೇಳ್ತಾರೆ” ಎಂದಿತು ಮೊದಲ ದನಿ.

ಒಳಗೆ ಸೊಪ್ಪು ಬಿಡಿಸುವ ಸದ್ದು ನಿಂತಿತು. ತಜ್ಞರು ಎಳೆಯ ಬಾಯಿಯ ವಿಷಯ ಹೇಳಿದರು, ಹಿಂದೆ ಬಿದ್ದ ಹುಳುವಿನ ವಿಷಯ ಹೇಳಿದರು. ಆಮೇಲೆ ಕಾರ್ಯಕ್ರಮದವರು ನಿಧಾನವಾಗಿ, ಎದುರಿಗೆ ಕೂತವರನ್ನು ಮಾತಾಡಿಸುವಂತೆ ಅಂದರು: “ಅಜ್ಜೀ, ಮದುವೆ ಮನೇಲಿ ಪಂಕ್ತಿ ತುಂಬೋ ಮುಂಚೆ ಮೊದಲು ಕೂತೋರಿಗೆ ಬಡಿಸಿಬಿಡ್ತೀರಾ? ಹಸಿವು ಅವರಿಗೂ ಇರ್ತದೆ. ಆದ್ರೂ ಎಲೆ ಮುಂದೆ ಕಾಯ್ತಾರೆ. ಇದೂ ಒಂದು ಪಂಕ್ತೀನೇ.”

ರೇಡಿಯೊ ನಿಂತಿತು.

ಆ ಉಸಿರು ನನಗೆ ಬಹಳ ಉದ್ದವೆನಿಸಿತು. ಅಷ್ಟು ಹೊತ್ತು ಯಂತ್ರದ ಕೋಣೆಯವರು ಹೇಗೆ ಸುಮ್ಮನಿದ್ದರೋ. ಒಳಗಿನಿಂದ ಏನೂ ಬರಲಿಲ್ಲ. ರೇಡಿಯೊ ಮುಂದಿನ ಮಾತಿಗೆ ಹೋಯಿತು, ಸುಣ್ಣದ ಪುಡಿಯ ವಿಷಯ ಎತ್ತಿತು. ನಾನು ಕೈಯಲ್ಲಿದ್ದ ಕಡಲೆಕಾಯಿ ಸಿಪ್ಪೆಯನ್ನು ಮುರಿಯುತ್ತ ಕೂತೆ. ಸುಣ್ಣದ ಪುಡಿಯ ಮಾತಿನ ನಡುವೆ, ಯಾರೂ ಜಾಗ ಬಿಡದ ಕಡೆ, ಒಳಗಿನಿಂದ ಒಂದು ದನಿ ತನ್ನಷ್ಟಕ್ಕೆ ತಾನೇ ಅಂದಿತು.

“ಹೂಂ. ಪಂಕ್ತಿ ಅಂದ್ರೆ ಸರೇ.”

ಮಾರನೆಯ ದಿನ ಅತ್ತೆ ಬೆಳಿಗ್ಗೆಯಿಂದ ತಟ್ಟೆಗಳ ಮುಂದೆ ಕೂತಿದ್ದರಂತೆ. ಎದ್ದ ಹುಳುಗಳು ತಲೆಯಾಡಿಸುತ್ತ ಹುಡುಕುವುದನ್ನು ನೋಡಲಾರದೆ ಎರಡು ಸಲ ಸೊಪ್ಪಿಗೆ ಕೈ ಹಾಕಿ, ಎರಡು ಸಲವೂ ತೆಗೆದರಂತೆ. “ಇರ್ರಪ್ಪಾ, ಇನ್ನೂ ಎಲೆ ಹಾಕ್ತಾ ಅವ್ರೆ” ಎಂದು ಹುಳುಗಳಿಗೇ ಹೇಳಿದರಂತೆ. ಎಲ್ಲ ಎದ್ದ ಮೇಲೆ ಸೊಸೆಯನ್ನು ಕರೆದು, ಒಟ್ಟಿಗೆ ಬಡಿಸಿದರಂತೆ.

ಗೂಡಿನ ಹೊತ್ತಿಗೆ ನಾನು ಬೇರೆ ಹಳ್ಳಿಗಳ ಕೆಲಸದಲ್ಲಿ ಸಿಕ್ಕಿಬಿದ್ದು ಕೆಲವು ದಿನ ಆ ಕಡೆ ಹೋಗಲಾಗಲಿಲ್ಲ. ಹೋದಾಗ ಜಗಲಿ ಖಾಲಿಯಾಗಿತ್ತು. ಪೆಟ್ಟಿಗೆ ಇಟ್ಟಿದ್ದ ಜಾಗದಲ್ಲಿ ಚೌಕವಾಗಿ ಧೂಳಿಲ್ಲದ ಗುರುತು. ಬಿದಿರು ಗಳುಗಳು ಮಾತ್ರ ಇದ್ದವು. ಹಿಂದಿನ ಎರಡು ಜ್ವರಗಳ ತಪ್ಪು ನಾಲ್ಕನೆಯದರಲ್ಲಿ ತೀರಲಿಲ್ಲ ಎಂದುಕೊಂಡೆ. ಚಾವಡಿಯ ಕಡೆ ತಿರುಗಿದವಳನ್ನು ಸೊಸೆ ಕೂಗಿದಳು.

“ಅಕ್ಕಾ, ಎಲ್ಲಿಗೆ? ಒಳಗೆ ಬನ್ನಿ. ಗೂಡು ಬಿಡಿಸಿ ಆಯ್ತು.”

ಬಾಗಿಲು ಪೂರ್ತಿ ತೆರೆದಿತ್ತು. ಹೊಸ್ತಿಲು ದಾಟಿದೆ. ಅಷ್ಟು ದಿನ ಕಿವಿಯಿಂದ ನೋಡಿದ ಮನೆಯನ್ನು ಅಂದು ಕಣ್ಣಿಂದ ನೋಡಿದೆ. ಗೋಡೆಗೆ ಹೊಸದಾಗಿ ಸುಣ್ಣ ಹೊಡೆದಿದ್ದರು, ತಟ್ಟೆಗಳು ತೊಳೆದು ಒರಗಿಸಿದ್ದವು. ಮೂಲೆಯಲ್ಲಿ ಗೂಡಿನ ರಾಶಿ. ಎಲ್ಲ ಒಂದೇ ಅಳತೆಯವಲ್ಲ. ಸಣ್ಣವು, ತೆಳುವಾದವು ಬೇರೆ ಬುಟ್ಟಿಯಲ್ಲಿದ್ದವು, ಆ ಬುಟ್ಟಿ ಚಿಕ್ಕದಲ್ಲ. ಆದರೆ ಮಿಕ್ಕವು ಒಟ್ಟಿಗೆ ಹತ್ತಿ ಒಟ್ಟಿಗೆ ಕಟ್ಟಿದ್ದವು. ಅತ್ತೆ ಒಂದು ಗೂಡನ್ನು ಕಿವಿಯ ಹತ್ತಿರ ಅಲುಗಾಡಿಸಿ ನನ್ನ ಕೈಗಿಟ್ಟರು. ಹೊಗಳಲೂ ಇಲ್ಲ, ತೆಗಳಲೂ ಇಲ್ಲ.

ತಟ್ಟೆಗಳನ್ನಿಡುವ ಅಟ್ಟಣೆಯ ಪಕ್ಕದಲ್ಲಿ, ಒಗೆದ ಗೋಣಿಯ ಮೇಲೆ, ರೇಡಿಯೊ ಕೂತಿತ್ತು. ಏರಿಯಲ್ ತಂತಿ ಕಿಟಕಿಯಿಂದ ಒಳಗೆ ಬಂದಿತ್ತು.

“ಮುಂದಿನ ಬೆಳೆಗೆ ಇಲ್ಲೇ ಇರ್ಲಿ” ಎಂದರು ಅತ್ತೆ. “ಹೊರಗಿದ್ರೆ ದನಿ ದೂರ ಆಗ್ತದೆ.”

“ಹೊರಗಿನವರು ಒಳಗೆ ಬರಬಾರದಲ್ಲ?” ಎಂದೆ, ಸುಮ್ಮನೆ ಕೆಣಕಲು.

“ಅದು ಹೊರಗಿನದೇನ್ರಮ್ಮಾ? ನಾನು ಕೇಳಿದ್ದಕ್ಕೆ ಉತ್ತರ ಕೊಡ್ತದೆ. ನಮ್ಮನೇದು.”

“ಹಾಗಾದರೆ ನಾನು?”

ಅವರು ನನ್ನ ಚಪ್ಪಲಿಯಿಲ್ಲದ ಕಾಲುಗಳನ್ನು, ಕೆರೆಯ ಏರಿಯ ಕೆಂಪು ಮಣ್ಣು ಮೆತ್ತಿದ ಕಾಲುಗಳನ್ನು ನೋಡಿದರು. ಅಲ್ಲಿಯ ತನಕ ಬಹುವಚನದಲ್ಲೇ ಮಾತಾಡಿಸುತ್ತಿದ್ದವರು ಅಂದು ಮೊದಲ ಸಲ ಮಗಳಿಗೆ ಅಂದ ಹಾಗೆ ಅಂದರು:

“ನೀನು ಹುಳ ಇಲ್ದಾಗ ಬಾ. ಹುಳ ಇದ್ದಾಗ ಜಗಲೀಲಿ ಕೂತ್ಕೊ.”

ಮುಂದಿನ ಬೆಳೆಗೆ ಹಾಗೇ ಆಯಿತು. ಬಾಗಿಲು ಮುಚ್ಚಿತು, ರೇಡಿಯೊ ಒಳಗೆ ಉಳಿಯಿತು. ಪೆಟ್ಟಿಗೆಯ ಬೀಗದ ಕೈ ಸೊಸೆಯ ಸೊಂಟದಲ್ಲಿತ್ತು. ನಾನು ಕೊಡೆ ಮಡಚಿ ಜಗಲಿಯ ಮೇಲೆ ಇಟ್ಟೆ. ಅಂಗಳದಲ್ಲಿ ಸೊಪ್ಪಿನಾಕೆ ಹೊರೆ ಇಳಿಸಿ ಬೆವರು ಒರೆಸಿಕೊಂಡಳು. ಪೆಟ್ಟಿಗೆಯಿಲ್ಲದ ಜಗಲಿ ನೋಡಿದಳು, ಮುಚ್ಚಿದ ಬಾಗಿಲು ನೋಡಿದಳು.

“ನೋಡಿದ್ರಾ ಅಮ್ಮ,” ಎಂದಳು, “ಪೆಟ್ಟಿಗೆ ಒಂದೇ ಬೆಳೆಗೆ ಒಳಗೆ ಹೋಯ್ತು. ನಾನು ಎಷ್ಟು ಬೆಳೆ ಸೊಪ್ಪು ಹೊತ್ತಿದೀನೋ.”

ಜಗಲಿಯಿಂದ ಇಳಿದು ಅಂಗಳದಲ್ಲಿ ಅವಳ ಪಕ್ಕ ಕೂತೆ. ಕಡಲೆಕಾಯಿ ಕೊಟ್ಟೆ, ತೆಗೆದುಕೊಂಡಳು. ಒಳಗೆ ರೇಡಿಯೊ ಒಂದು ಮಾತು ಹೇಳಿ ನಿಂತಿತು. ಅತ್ತೆ ಹೂಂ ಅಂದರು, ಸೊಸೆ ಹೂಂ ಅಂದಳು. ಸೊಪ್ಪಿನಾಕೆ ಸ್ವಲ್ಪ ತಡೆದು, ಗೋಡೆಯ ಆಚೆಗೂ ಕೇಳಿಸುವಷ್ಟು ಗಟ್ಟಿಯಾಗಿ, ಹೂಂ ಅಂದಳು.